ವಸ್ತುವೂ ಬಿಂಬವೂ: ಡಿಜಿಟಲ್ ಕಾಲದ ಕಲೆಯಲ್ಲಿ ಒಂದು ವಿಚಾರ

ಶಾಸನದ ಅಚ್ಚು ತೆಗೆಯುವ ಕೆಲಸವನ್ನು ನಮ್ಮ ಉಪಾಧ್ಯಾಯ ಬಂಧುಗಳಲ್ಲಿ ಹಲವರು ಕಣ್ಣಾರೆ ಕಂಡಿರುವರು. ಕೆಲವರು ಕೈಯಾರೆ ಮಾಡಿಯೂ ಇರುವರು. ಕಲ್ಲನ್ನು ಉಜ್ಜಿ ತೊಳೆದು, ನೆನೆಸಿದ ಕಾಗದವನ್ನು ಅದರ ಮೇಲೆ ಹಾಸಿ, ಕುಂಚದಿಂದ ಬಡಿದರೆ ಕಾಗದವು ಅಕ್ಷರದ ಕುಳಿಗಳೊಳಕ್ಕೆ ಇಳಿಯುತ್ತದೆ. ಬಳಿಕ ಮಸಿಯನ್ನು ತಟ್ಟಿದಾಗ ಕಲ್ಲಿನ ಮೈ ಕಪ್ಪಾಗಿ, ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಹೀಗೆ ದೊರೆತ ಹಾಳೆ ಕಲ್ಲಲ್ಲ; ಆದರೆ ಕಲ್ಲನ್ನು ಮುಟ್ಟಿ ಬಂದುದು. ಮುಂದೆ ಕಲ್ಲು ಒಡೆದುಹೋದರೆ ಆ ಹಾಳೆಯೇ ಸಾಕ್ಷಿ. ಆಗ ಅದು ಎಲ್ಲಿದೆ, ಯಾರ ಕೈಯಲ್ಲಿದೆ, ಕಲ್ಲು ನಿಂತಿದ್ದ ಊರಿನವರಿಗೆ ಅದು ದೊರೆಯುವುದೆ ಎಂಬ ಪ್ರಶ್ನೆಗಳು ಏಳುತ್ತವೆ.

ಈ ಹಳೆಯ ಪ್ರಶ್ನೆಗಳೇ ಇಂದು ಹೊಸ ಉಡುಪು ತೊಟ್ಟು ಕಲಾಲೋಕವನ್ನು ಪ್ರವೇಶಿಸಿವೆ. ಡಿಜಿಟಲ್ ಎಂದರೆ ಅಂಕಿಗಳ ರೂಪಕ್ಕೆ ಇಳಿಸಿದುದು ಎಂದಿಷ್ಟೇ ಅರ್ಥ. ಒಂದು ವಿಗ್ರಹದ ಮೈಮೇಲಣ ಲಕ್ಷಾಂತರ ಬಿಂದುಗಳ ಸ್ಥಾನವನ್ನು ಅಳೆದು ಅಂಕಿಗಳಾಗಿ ಬರೆದಿಟ್ಟರೆ ಅದು ಆ ವಿಗ್ರಹದ ಡಿಜಿಟಲ್ ರೂಪವಾಗುತ್ತದೆ. ಅದನ್ನು ಗಣಕಯಂತ್ರದ ಪರದೆಯ ಮೇಲೆ ಬೇಕಾದಂತೆ ತಿರುಗಿಸಿ ನೋಡಬಹುದು. ಮೂರು ಆಯಾಮದ ಮುದ್ರಣಯಂತ್ರಕ್ಕೆ ಕೊಟ್ಟರೆ ಪದರ ಪದರವಾಗಿ ಮತ್ತೆ ಗಟ್ಟಿ ವಸ್ತುವಾಗಿಯೂ ಪಡೆಯಬಹುದು. ವಸ್ತು ಬಿಂಬವಾಗುವುದು, ಬಿಂಬ ವಸ್ತುವಾಗುವುದು ಎರಡೂ ಸಾಧ್ಯವಾದ ಈ ಕಾಲದಲ್ಲಿ, ಇವುಗಳ ನಡುವಣ ಗಡಿಯನ್ನೇ ತಮ್ಮ ವಿಷಯವಾಗಿ ಆರಿಸಿಕೊಂಡ ಕಲಾವಿದರಿದ್ದಾರೆ. ಅವರ ಕೆಲವು ಕೃತಿಗಳನ್ನು ಪರಿಶೀಲಿಸಿ, ಬಿಂಬಕ್ಕೂ ಇರಲೊಂದು ಜಾಗ ಬೇಕು, ಅದಕ್ಕೂ ಒಡೆಯನೊಬ್ಬನಿರುತ್ತಾನೆ ಎಂಬುದನ್ನು ವಿಶದಪಡಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ, ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ 1944ರಲ್ಲಿ ಹುಟ್ಟಿದ ಜೆಫ್ರಿ ಷಾ ಅವರನ್ನು ನೆನೆಯಬೇಕು. ‘ದಿ ಲೆಜಿಬಲ್ ಸಿಟಿ’, ಎಂದರೆ ‘ಓದಬಹುದಾದ ನಗರ’, ಎಂಬ ಕೃತಿಯನ್ನು ಅವರು ಡಿರ್ಕ್ ಗ್ರೂನೆವೆಲ್ಡ್ ಅವರೊಡಗೂಡಿ 1989ರಿಂದ 1991ರವರೆಗೆ ಮ್ಯಾನ್‌ಹಟನ್, ಆಮ್‌ಸ್ಟರ್‌ಡ್ಯಾಮ್, ಕಾರ್ಲ್ಸ್‌ರೂಹೆ ಎಂಬ ಮೂರು ನಗರಗಳ ರೂಪದಲ್ಲಿ ರಚಿಸಿದರು. ಕತ್ತಲೆಯ ಕೋಣೆಯಲ್ಲಿ ನೆಲಕ್ಕೆ ಬಿಗಿದ ಒಂದು ಸೈಕಲ್ಲು. ಅದರ ಮುಂದೆ ದೊಡ್ಡ ಪರದೆ. ಪ್ರೇಕ್ಷಕನು ಸೈಕಲ್ಲನ್ನೇರಿ ತುಳಿದರೆ ಪರದೆಯ ಮೇಲಣ ಬೀದಿಗಳು ಅವನ ಮುಂದೆ ತೆರೆದುಕೊಳ್ಳುತ್ತವೆ. ಹಿಡಿಯನ್ನು ತಿರುಗಿಸಿದತ್ತ ದಾರಿ ತಿರುಗುತ್ತದೆ. ತುಳಿತ ನಿಂತರೆ ನಗರವೂ ನಿಲ್ಲುತ್ತದೆ. ಆ ಬೀದಿಗಳ ಇಕ್ಕೆಲಗಳಲ್ಲಿ ಮನೆಗಳಿಲ್ಲ, ಮನೆಯೆತ್ತರದ ಅಕ್ಷರಗಳಿವೆ. ಆಮ್‌ಸ್ಟರ್‌ಡ್ಯಾಮಿನ ರೂಪದಲ್ಲಿಯಂತೂ ಪ್ರತಿಯೊಂದು ಅಕ್ಷರವೂ ತಾನು ನಿಂತಿರುವ ಸ್ಥಳದ ನಿಜವಾದ ಕಟ್ಟಡದ ಅಳತೆಗೆ ಸರಿಯಾಗಿದೆ. ವಾಕ್ಯಗಳು 15ರಿಂದ 19ನೆಯ ಶತಮಾನದವರೆಗಿನ ಊರಿನ ದಫ್ತರಗಳಿಂದ ಬಂದವು. ಊರಿನ ಚರಿತ್ರೆಯನ್ನು ಓದಬೇಕಾದರೆ ಊರನ್ನು ಸುತ್ತಬೇಕು, ಸುತ್ತಬೇಕಾದರೆ ಕಾಲು ನೋಯಬೇಕು. ಪರದೆಯ ಮೇಲಣ ನಗರ ಬಿಂಬವೇ ಆದರೂ ಸವಾರನ ಬೆವರು ಬಿಂಬವಲ್ಲ.

ಇದೇ ಷಾ ಅವರು ಸಾರಾ ಕೆಂಡರ್‌ಡೈನ್ ಅವರೊಡನೆ ಮುಂದೆ ನಿರ್ಮಿಸಿದ ಕೃತಿಯೊಂದು ಕನ್ನಡಿಗರಿಗೆ ಬಹು ಹತ್ತಿರದ್ದು. ಅದು 2006ರಲ್ಲಿ ಫ್ರಾನ್ಸಿನ ಲಿಲ್ ನಗರದಲ್ಲಿ ಮೊದಲು ಪ್ರದರ್ಶಿತವಾದ ‘ಪ್ಲೇಸ್–ಹಂಪಿ’. ಪ್ರೇಕ್ಷಕರನ್ನು ಸುತ್ತುವರಿದ ಸಿಲಿಂಡರಿನಾಕಾರದ ಪರದೆ. ನಡುವೆ ಯಂತ್ರಬಲದಿಂದ ತಿರುಗುವ ಒಂದು ಜಗಲಿ. ಅದರ ಮೇಲೆ ನಿಂತವನು ವಿಶೇಷ ಕನ್ನಡಕ ಧರಿಸಿ, ತಾನೇ ಜಗಲಿಯನ್ನು ತಿರುಗಿಸುತ್ತ ಹಂಪಿಯ ಬಂಡೆ, ಗುಡಿ, ಮಂಟಪಗಳ ನಡುವೆ ಸಂಚರಿಸಬಹುದು. ಚಿತ್ರಗಳು ವಿಜಯನಗರದ ಅವಶೇಷಗಳನ್ನು ಬಹುಕಾಲದಿಂದ ಬಲ್ಲ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅವರವು. ನಿಜವಾದ ಕಲ್ಲಿನ ಚಿತ್ರಗಳ ನಡುವೆ ಗಣಕಯಂತ್ರದಿಂದ ರಚಿಸಿದ ದೇವತಾರೂಪಗಳು ಚಲಿಸುತ್ತವೆ. ಹಾಳೂರಿನಂತೆ ಕಾಣುವ ಹಂಪಿ ಯಾತ್ರಿಕರಿಗೆ ಇಂದಿಗೂ ಜೀವಂತ ಕ್ಷೇತ್ರವಾಗಿರುವುದನ್ನು ಕಲಾವಿದರು ಈ ರೀತಿಯಲ್ಲಿ ಸೂಚಿಸಿರುವರು. ಲಿಲ್ ನಗರದ ಪ್ರೇಕ್ಷಕನು ಇದರಿಂದ ಹಂಪಿಯನ್ನು ಕಂಡಂತಾಯಿತೆ? ಕಂಡನು, ಆದರೆ ತಲುಪಲಿಲ್ಲ ಎಂದೇ ಹೇಳಬೇಕು. ಸಂತೋಷದ ಸಂಗತಿಯೆಂದರೆ, 2012ರಲ್ಲಿ ಈ ಕೃತಿಗೆ ಹಂಪಿಯಿಂದ ಬಹುದೂರವಲ್ಲದ ತೋರಣಗಲ್ಲಿನ ‘ಕಲಾಧಾಮ’ದಲ್ಲಿ ನೆಲೆ ದೊರೆಯಿತು, ಬಿಂಬವು ತನ್ನ ವಸ್ತುವಿನ ನೆರೆಗೆ ಬಂದಿತು.

ಇಲ್ಲಿಯವರೆಗೆ ವಸ್ತುವಿನಿಂದ ಬಿಂಬ ಹುಟ್ಟುವುದನ್ನು ಕಂಡೆವು. ಬಿಂಬವು ವಸ್ತುವನ್ನು ಆಳುವುದೂ ಉಂಟೆಂಬುದಕ್ಕೆ ಜರ್ಮನಿಯ ಸೈಮನ್ ವೆಕರ್ಟ್ ಅವರು 2020ರಲ್ಲಿ ಪ್ರಕಟಿಸಿದ ಕೃತಿ ನಿದರ್ಶನ. ಅವರು 99 ಹಳೆಯ ಮೊಬೈಲ್ ಫೋನುಗಳನ್ನು ಪುಟ್ಟ ಕೈಗಾಡಿಯಲ್ಲಿ ತುಂಬಿ ಬರ್ಲಿನ್ನಿನ ಬೀದಿಗಳಲ್ಲಿ ಮೆಲ್ಲನೆ ಎಳೆದುಕೊಂಡು ನಡೆದರು. ಫೋನುಗಳ ಚಲನೆಯಿಂದ ವಾಹನಸಂಚಾರವನ್ನು ಅಂದಾಜು ಮಾಡುವ ಗೂಗಲ್ ನಕ್ಷೆಯು, ಅಲ್ಲಿ ನೂರು ವಾಹನಗಳು ಕಿಕ್ಕಿರಿದಿವೆಯೆಂದು ಭ್ರಮಿಸಿ ಹಸಿರಾಗಿದ್ದ ಬೀದಿಯನ್ನು ಕೆಂಪಾಗಿ ತೋರಿಸಿತು. ಬೀದಿ ಬರಿದಾಗಿತ್ತು, ನಕ್ಷೆ ತುಂಬಿತ್ತು. ನಕ್ಷೆಯನ್ನು ನಂಬಿದ ಚಾಲಕರು ಬೇರೆ ದಾರಿ ಹಿಡಿದರೆ ಬರಿದಾದ ಬೀದಿ ಬರಿದಾಗಿಯೇ ಉಳಿಯುವುದು. ನಕ್ಷೆಯಲ್ಲಿ ಎಳೆದ ಗೆರೆಯು ನೆಲದ ಮೇಲಣ ಬಾಳನ್ನು ಹೇಗೆ ಬದಲಿಸುವುದೆಂಬುದನ್ನು ಗಡಿನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ನಮ್ಮ ವಿಚಾರಕ್ಕೆ ತಿರುಳೆನಿಸುವ ಕೃತಿ ಮೊರೆಹ್‌ಶಿನ್ ಅಲ್ಲಾಹ್ಯಾರಿ ಅವರದು. 1985ರಲ್ಲಿ ಇರಾನಿನಲ್ಲಿ ಹುಟ್ಟಿ 2007ರಲ್ಲಿ ಅಮೆರಿಕಕ್ಕೆ ಹೋದ ಕಲಾವಿದೆ ಇವರು. 2015ರ ಫೆಬ್ರವರಿಯಲ್ಲಿ ಐಸಿಸ್ ಪಡೆಯವರು ಇರಾಕಿನ ಮೋಸುಲ್ ವಸ್ತುಸಂಗ್ರಹಾಲಯದ ವಿಗ್ರಹಗಳನ್ನು ಸುತ್ತಿಗೆಗಳಿಂದ ಒಡೆಯುವ ಚಲನಚಿತ್ರವನ್ನು ಪ್ರಕಟಿಸಿದರು. ಹಾಗೆ ನಾಶವಾದ ಹತ್ರಾ ಮತ್ತು ನಿನೆವೆಯ ಶಿಲ್ಪಗಳಲ್ಲಿ ಹನ್ನೆರಡನ್ನು ಅಲ್ಲಾಹ್ಯಾರಿ ಅವರು 2015–16ರಲ್ಲಿ ಗಣಕಯಂತ್ರದಲ್ಲಿ ಮರುರಚಿಸಿ, ಪಾರದರ್ಶಕ ರಾಳದಲ್ಲಿ ಮುದ್ರಿಸಿದರು. ಇದಕ್ಕಾಗಿ ಆ ಶಿಲ್ಪಗಳ ಚಿತ್ರಗಳನ್ನೂ ವಿವರಗಳನ್ನೂ ವಿದ್ವಾಂಸರಿಂದಲೂ ಹಳೆಯ ಪ್ರಕಟಣೆಗಳಿಂದಲೂ ಅರಸಿ ಕೂಡಿಹಾಕಬೇಕಾಯಿತು. ಹತ್ರಾದ ಅರಸ ಉಥಾಲನ ಮೂರ್ತಿ ಈಗ ಸುಮಾರು ಒಂದಡಿ ಎತ್ತರದ, ಬೆಳಕು ಹಾಯುವ ಪುಟ್ಟ ಮೂರ್ತಿ. ಅದರ ಎದೆಯೊಳಗೆ ಒಂದು ಪೆನ್‌ಡ್ರೈವ್ ಹುದುಗಿರುವುದು ಹೊರಗಿನಿಂದಲೇ ಕಾಣುತ್ತದೆ. ಕಲಾವಿದೆ ಕಲೆಹಾಕಿದ ಚಿತ್ರ, ನಕ್ಷೆ, ಬರಹಗಳೆಲ್ಲ ಅದರಲ್ಲಿವೆ. ಅದನ್ನು ಓದಬೇಕೆಂದರೆ ಮೂರ್ತಿಯನ್ನು ಒಡೆಯಬೇಕು!

ಈ ಮೂರ್ತಿ ಮೊದಲಿನ ಮೂರ್ತಿಯೆಂಬ ಹಮ್ಮು ಅವರಿಗಿಲ್ಲ. ಕಲ್ಲಿನ ಬಣ್ಣವನ್ನು ಕೊಡದೆ, ಗಾತ್ರವನ್ನು ಕುಗ್ಗಿಸಿ, ಇದು ನಕಲೆಂಬುದನ್ನು ಎತ್ತಿ ತೋರಿಸಿದ್ದಾರೆ. ಉಥಾಲನ ಅಂಕಿರೂಪವನ್ನು 2016ರಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಅಂತರಜಾಲದಲ್ಲಿ ಪ್ರಕಟಿಸಲಾಯಿತು. ಅದೇ ಕಾಲದಲ್ಲಿ ಅವರು ‘ಡಿಜಿಟಲ್ ವಸಾಹತುಶಾಹಿ’ ಎಂಬ ಮಾತನ್ನು ಮುಂದಿಟ್ಟರು. ಪಶ್ಚಿಮದ ಸಂಸ್ಥೆಗಳು ಯುದ್ಧಪೀಡಿತ ದೇಶಗಳ ಸ್ಮಾರಕಗಳನ್ನು ಅಳೆದುಕೊಂಡು, ಆ ಅಂಕಿಗಳನ್ನು ತಮ್ಮ ಸ್ವತ್ತಾಗಿ ಇರಿಸಿಕೊಂಡರೆ, ಹಿಂದೆ ವಿಗ್ರಹಗಳನ್ನು ಹಡಗಿನಲ್ಲಿ ಸಾಗಿಸಿದುದಕ್ಕೂ ಇದಕ್ಕೂ ಭೇದವೇನು ಎಂಬುದು ಅವರ ಆಕ್ಷೇಪ.

ಈ ಆಕ್ಷೇಪ ಹುರುಳಿಲ್ಲದ್ದಲ್ಲ ಎಂಬುದನ್ನು ನೆಫರ್ಟಿಟಿಯ ಪ್ರಸಂಗ ತೋರಿಸಿಕೊಡುತ್ತದೆ. ಈಜಿಪ್ಟಿನ ಅಮರ್ನಾದಲ್ಲಿ 1912ರಲ್ಲಿ ಲುಡ್‌ವಿಗ್ ಬೋರ್ಖಾರ್ಟ್ ಅವರ ಉತ್ಖನನದಲ್ಲಿ ದೊರೆತ ಈ ರಾಣಿಯ ಪ್ರತಿಮೆ ಬರ್ಲಿನ್ ಸೇರಿತು; ಅದನ್ನು ಹಿಂದಿರುಗಿಸಬೇಕೆಂದು ಈಜಿಪ್ಟ್ ಹಲವು ಬಾರಿ ಕೇಳಿದೆ. ನೋರಾ ಅಲ್–ಬದ್ರಿ, ಯಾನ್ ನಿಕೊಲಾಯ್ ನೆಲ್ಲೆಸ್ ಎಂಬ ಕಲಾವಿದರು ತಾವು ಪ್ರತಿಮೆಯನ್ನು ಗುಟ್ಟಾಗಿ ಅಳೆದು ತಂದೆವೆಂದು ಹೇಳಿ 2015ರ ಡಿಸೆಂಬರಿನಲ್ಲಿ ಅದರ ಅಂಕಿರೂಪವನ್ನು ಲೋಕಕ್ಕೆ ಹಂಚಿದರು. ಅವರು ಬಳಸಿದೆವೆಂದ ಉಪಕರಣದಿಂದ ಅಷ್ಟು ಸೂಕ್ಷ್ಮವಾದ ಅಳತೆ ಅಸಾಧ್ಯವೆಂದು ತಜ್ಞರು ಸಂಶಯಪಟ್ಟರು. ಸಂಶಯವಿರಲಿ, ಜನರ ಗಮನ ಮತ್ತೊಂದು ಸಂಗತಿಯ ಕಡೆಗೆ ಹರಿಯಿತು. ವಸ್ತುಸಂಗ್ರಹಾಲಯದವರ ಬಳಿ ಪ್ರತಿಮೆಯ ಉತ್ತಮವಾದ ಅಂಕಿರೂಪ ಮೊದಲೇ ಇತ್ತು, ಆದರೆ ಸಾರ್ವಜನಿಕರಿಗೆ ದೊರೆಯುತ್ತಿರಲಿಲ್ಲ. ಅಮೆರಿಕದ ಕಲಾವಿದ ಕಾಸ್ಮೊ ವೆನ್ಮನ್ ಅವರು ಮಾಹಿತಿ ಹಕ್ಕಿನ ಕಾನೂನಿನಡಿ ಮೂರು ವರ್ಷಗಳ ಕಾಲ ಪಟ್ಟು ಬಿಡದೆ ಕೇಳಿ ಅದನ್ನು ಪಡೆದು, 2019ರಲ್ಲಿ ಪ್ರಕಟಿಸಿದರು. ವಿಚಿತ್ರವೆಂದರೆ, ಆ ಡಿಜಿಟಲ್ ಪ್ರತಿಮೆಯ ಅಡಿಯಲ್ಲಿ ಪರವಾನಿಗೆಯ ಷರತ್ತೊಂದನ್ನು ಕೆತ್ತಲಾಗಿತ್ತು; ವ್ಯಾಪಾರಕ್ಕೆ ಬಳಸಕೂಡದೆಂಬುದು ಅದರಲ್ಲೊಂದು ಅಂಶ. ಮೂರು ಸಾವಿರ ವರ್ಷಗಳಿಗೂ ಹಳೆಯದಾದ ಪ್ರತಿಮೆಯ ನೆರಳಿಗೆ ಹಾಕಿದ ಈ ಹೊಸ ಶಾಸನವು ಬಿಂಬಕ್ಕೂ ಒಡೆಯನಿರುವನೆಂಬುದಕ್ಕೆ ಪ್ರತ್ಯಕ್ಷ ಪ್ರಮಾಣವಾಗಿದೆ.

ಎಲ್ಲವನ್ನೂ ಎಲ್ಲರಿಗೂ ಒಡನೆಯೇ ಹಂಚಬೇಕೆಂದು ಇದರಿಂದ ನಿರ್ಣಯಿಸುವುದು ಆತುರವಾದೀತು. ಅಳೆಯುವ ಕೆಲಸಕ್ಕೆ ಹಣ, ಶ್ರಮ ಬೇಕು. ಅಂಕಿರೂಪದಿಂದ ಕೃತಕ ವಿಗ್ರಹಗಳನ್ನು ಮಾಡಿ ಮೋಸಮಾಡುವವರೂ ಇರಬಹುದು. ಆದರೆ ಆ ಜಾಗದ ಜನರಿಗೇ ತಮ್ಮ ವಸ್ತುವಿನ ಬಿಂಬ ದೊರೆಯದಂತಾದರೆ ಅದು ಎರಡನೆಯ ನಷ್ಟವೆನ್ನದೆ ವಿಧಿಯಿಲ್ಲ.

ನಮ್ಮಲ್ಲಿ ಕಲ್ಲೊಂದು ಕಡೆ, ಅಚ್ಚೊಂದು ಕಡೆ, ಓದುಗನೊಂದು ಕಡೆ ಇರುವುದು ಹೊಸತಲ್ಲ. ಭಾರತ ಸರ್ಕಾರದ ಶಾಸನಶಾಖೆಯೇ 1966ರಲ್ಲಿ ಉದಕಮಂಡಲದಿಂದ ಮೈಸೂರಿಗೆ ತನ್ನ ಹಾಳೆಗಳೊಡನೆ ಸ್ಥಳಾಂತರಗೊಂಡಿತು. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ಅಲ್ಲಿನ ಸುತ್ತಮುತ್ತಣ ಶಾಸನಗಳನ್ನು ಮೂರು ಆಯಾಮದಲ್ಲಿ ಅಳೆದಿಡುವ ಕಾರ್ಯವನ್ನು ಕೈಗೊಂಡಿತು. ಗಡಿಯಾಚೆಯ ಕನ್ನಡ ಶಾಸನಗಳಿಗೂ ವೀರಗಲ್ಲುಗಳಿಗೂ ಇಂಥ ದಿನ ಬರಲಿ. ಅಂದು ಕಲ್ಲಿನ ಬಳಿ ನಿಲ್ಲುವ ಉಪಾಧ್ಯಾಯನು ಮೂರು ಮಾತುಗಳನ್ನು ಕೇಳಿ ಬರೆದಿಟ್ಟುಕೊಳ್ಳಬೇಕೆಂದು ನನ್ನ ಅರಿಕೆ: ಅಳೆದವರು ಯಾರು? ಅಂಕಿಗಳನ್ನು ಎಲ್ಲಿ ಇಡುವರು? ಈ ಊರಿನ ಶಾಲೆಗೆ ಅದರ ಒಂದು ಪ್ರತಿ ಬರುವುದೆ? ಉತ್ತರ ದೊರೆತ ಮೇಲೆ ಮಕ್ಕಳನ್ನು ಪರದೆಯ ಮುಂದೆ ಕೂರಿಸೋಣ. ಅದಕ್ಕೆ ಮೊದಲು ಒಮ್ಮೆ ಅವರನ್ನು ಕಲ್ಲಿನ ಬಳಿಗೆ ಕರೆದೊಯ್ದು, ಅಕ್ಷರಗಳನ್ನು ಬೆರಳಿನಿಂದ ಮುಟ್ಟಿಸಿ ಬರೋಣ.