ಬಚ್ಚಲ ನೀರು ಹರಿದತ್ತ ಬಸಳೆ

ತಾಳಗುಪ್ಪದಾಚೆಯ ಆ ಮನೆಯ ಹಿತ್ತಲು ನೋಡಬೇಕಾದರೆ ಬಚ್ಚಲಿನ ತೂಬಿನಿಂದಲೇ ಶುರುಮಾಡಬೇಕು. ಗೋಡೆಯ ಬುಡದಲ್ಲೊಂದು ಪುಟ್ಟ ಗುಂಡಿ, ಅದರ ತಳದಲ್ಲಿ ಜಲ್ಲಿ, ಮೇಲೆ ಮರಳು. ಸ್ನಾನದ ನೀರು ಅಲ್ಲಿ ಕೂದಲು, ಕೊಳೆ ಬಿಟ್ಟು ಗೇಣಗಲದ ಕಾಲುವೆಗೆ ಇಳಿಯುತ್ತದೆ. ಮೊದಲ ಪಾಲು ಕೆಸುವಿಗೆ, ಆಮೇಲೆ ಬಾಳೆಯ ಬುಡಕ್ಕೆ, ಉಳಿದದ್ದು ಬಸಳೆ ಚಪ್ಪರಕ್ಕೆ. ಚಪ್ಪರ ದಾಟುವಷ್ಟರಲ್ಲಿ ಕಾಲುವೆಯಲ್ಲಿ ಹನಿ ನೀರಿಲ್ಲ. ಅಡಿಕೆ ದಬ್ಬೆಯ ಮೇಲೆ ಹಬ್ಬಿದ ಆ ಬಳ್ಳಿಯ ಎಲೆಗಳು ನನ್ನ ಅಂಗೈಗಿಂತ ದೊಡ್ಡವು, ಮುಟ್ಟಿದರೆ ಮುರಿಯುವಷ್ಟು ರಸಭರಿತ. ನೋಡಿ ವಾರಗಳೇ ಕಳೆದರೂ ಅದರ ಗುಂಗು ನನಗಿನ್ನೂ ಇಳಿದಿಲ್ಲ.

ಮನೆಯ ಯಜಮಾನಿತಿಗೆ ಎಪ್ಪತ್ತು ದಾಟಿದೆ. ಬೀಜದ ಪೊಟ್ಟಣವನ್ನಾಗಲಿ ಗೊಬ್ಬರದ ಚೀಲವನ್ನಾಗಲಿ ಅವರು ಕೊಂಡವರಲ್ಲ. ಹಂಡೆಯ ಒಲೆಯ ಬೂದಿಯೇ ಅವರಿಗೆ ಪೊಟ್ಯಾಷ್ ಗೊಬ್ಬರ. ಅಲಸಂದೆಗೆ ಹೇನು ಹತ್ತಿದರೆ ಅದೇ ಬೂದಿಯನ್ನು ಇಬ್ಬನಿ ಆರುವ ಮೊದಲು ಎಲೆಗಳ ಮೇಲೆ ತೂರುತ್ತಾರೆ; ತೇವಕ್ಕೆ ಅಂಟಿ ನಿಲ್ಲುತ್ತದೆ. ಒಂದೆಲಗ ಮಾತ್ರ ಕಾಲುವೆಯಿಂದ ದೂರ, ಬಾವಿಕಟ್ಟೆಯ ಪಕ್ಕದಲ್ಲಿತ್ತು. ತಂಪು ಬಯಸುವ ಗಿಡವನ್ನು ಈ ಕಾಲುವೆಯ ಅಂಚಿಗೇ ಹಾಕಬಹುದಿತ್ತಲ್ಲ ಅಮ್ಮ, ಅಂದೆ.

‘ಬೇಯಿಸಿ ತಿನ್ನೋ ಸೊಪ್ಪಿಗೆ ಬಚ್ಚಲ ನೀರು, ಹಸಿದೇ ಅರೆಯೋ ಸೊಪ್ಪಿಗೆ ಬಾವಿ ನೀರು. ತಂಬುಳಿಗೆ ಒಂದೆಲಗ ಬೇಯಿಸ್ತಾರೇನು ಮಾರಾಯ್ರೆ?’ ಅಂದರು.

ಮೈ ತೊಳೆದ ನೀರಿನಲ್ಲಿ ರೋಗಾಣುಗಳಿರಬಹುದು. ಹುಳಿ ಕುದಿಯುವಾಗ ಅವು ಸಾಯುತ್ತವೆ, ಮಜ್ಜಿಗೆಯ ತಂಬುಳಿಯಲ್ಲಿ ಸಾಯುವುದಿಲ್ಲ. ಬಳಸಿದ ನೀರಿನ ಕುರಿತ ಪಾಠಗಳಲ್ಲಿ ತಜ್ಞರು ಹೇಳುವ ಮೊದಲ ನಿಯಮವೂ ಇದೇ.

ವಾಷಿಂಗ್ ಮೆಷಿನ್ನಿನ ಪೈಪು ಈ ಕಾಲುವೆಗೆ ಸೇರಿರಲಿಲ್ಲ. ಅದು ಅಂಗಳ ಸುತ್ತಿ ನೇರವಾಗಿ ತೆಂಗಿನ ಬುಡಕ್ಕೆ ಹೋಗಿತ್ತು. ಬಟ್ಟೆ ಪುಡಿಯಲ್ಲಿ ಸೋಡಿಯಂ ಹೇರಳ. ಅದು ಮಣ್ಣಿನ ಕಣಗಳ ಹಿಡಿತ ಬಿಡಿಸುತ್ತದೆ. ಒಣಗಿದಾಗ ಮಣ್ಣು ಹಲಗೆಯಂತೆ ಗಟ್ಟಿಯಾಗಿ ನೀರೇ ಇಂಗುವುದಿಲ್ಲ. ಸೊಪ್ಪಿನ ಗಿಡಗಳು ಇದನ್ನು ತಾಳವು. ತೆಂಗು ಕಡಲಂಚಿನ ಮರ, ಉಪ್ಪನ್ನು ಬಹಳಷ್ಟು ತಡೆದುಕೊಳ್ಳುತ್ತದೆ. ಸಸಿ ನೆಡುವ ಗುಂಡಿಗೆ ಉಪ್ಪು ಹಾಕುವ ರೂಢಿ ಕರಾವಳಿಯಲ್ಲಿ ಹಳೆಯದು. ಆ ಪೈಪನ್ನು ತಿರುಗಿಸಿದವರು ಯಾವ ಕೈಪಿಡಿಯನ್ನೂ ಓದಿರಲಿಲ್ಲ. ‘ಒಂದು ವರ್ಷ ಬಸಳೆ ಎಲೆ ಅಂಚು ಸುಟ್ಟುಕೊಂಡವು, ಅದಕ್ಕೇ ತಿರುಗಿಸಿದೆ’ ಅಂದರು, ಅಷ್ಟೇ.

ಇಷ್ಟಾದರೂ ಸ್ನಾನದ ಸೋಪಿನ ಬಗ್ಗೆ ನನಗೆ ಅನುಮಾನವಿದೆ. ಬಚ್ಚಲ ಬಸಳೆಯ ಪದ್ಧತಿ ಬೆಳೆದದ್ದು ಸೀಗೆಕಾಯಿ, ಅಂಟುವಾಳ, ಕಡಲೆಹಿಟ್ಟಿನ ಕಾಲದಲ್ಲಿ. ಈಗ ಶಾಂಪೂ, ಕಂಡೀಶನರುಗಳೂ ಅದೇ ತೂಬಿನಲ್ಲಿ ಇಳಿಯುತ್ತವೆ. ಮಲೆನಾಡಿನಲ್ಲಿ ಒಂದು ಮಳೆಗಾಲ ಮಣ್ಣಿನ ಉಪ್ಪನ್ನೆಲ್ಲ ತೊಳೆದುಬಿಡುತ್ತದೆ. ಬಳ್ಳಾರಿ, ರಾಯಚೂರಿನ ಹಿತ್ತಲಿಗೆ ಆ ಭಾಗ್ಯವಿಲ್ಲ. ಅಲ್ಲಿ ವರ್ಷದಿಂದ ವರ್ಷಕ್ಕೆ ಉಪ್ಪು ಶೇಖರವಾಗುತ್ತದೆ. ಅಂಥ ಕಡೆ ಕಾಲುವೆಯ ದಿಕ್ಕನ್ನು ಆಗಾಗ ಬದಲಿಸುವುದು, ಕಾಂಪೋಸ್ಟು ಧಾರಾಳವಾಗಿ ಸೇರಿಸುವುದು ಅನಿವಾರ್ಯ.

ಸರ್ಕಾರಗಳು ಕೈತೋಟವನ್ನು ನೆನೆದದ್ದು ಹೆಚ್ಚಾಗಿ ಆಹಾರದ ಕೊರತೆ ಬಿದ್ದಾಗಲೇ. 1940ರ ದಶಕದಲ್ಲಿ ‘ಹೆಚ್ಚು ಆಹಾರ ಬೆಳೆಯಿರಿ’ ಆಂದೋಲನ. 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ತಮ್ಮ ನಿವಾಸದ ಹುಲ್ಲುಹಾಸನ್ನೇ ಉತ್ತರು. 1967ರಲ್ಲಿ ಶುರುವಾದ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಅರ್ಕಾ ತಳಿಗಳು ಬಂದವು. ಬೆಂಗಳೂರಿನ ತಾರಸಿಗಳಿಗೆ ಸಾವಯವ ತರಕಾರಿ ಹತ್ತಿಸಿದವರಲ್ಲಿ ಡಾ. ಬಿ.ಎನ್. ವಿಶ್ವನಾಥ್ ಮುಖ್ಯರು. ಬೀಜ, ತಳಿ, ಕುಂಡಗಳ ಬಗ್ಗೆ ಹೀಗೆ ಬಹಳ ಕೆಲಸವಾಗಿದೆ. ನೀರಿನ ಪ್ರಶ್ನೆ ಎದ್ದು ಕುಳಿತದ್ದು 2024ರ ಬೇಸಿಗೆಯಲ್ಲಿ. ಕುಡಿಯುವ ನೀರನ್ನು ಗಿಡಗಳಿಗೆ ಹಾಕಿದರೆ 5,000 ರೂಪಾಯಿ ದಂಡ ಎಂದು ಬೆಂಗಳೂರು ಜಲಮಂಡಳಿ ಆ ಮಾರ್ಚ್‌ನಲ್ಲಿ ಆದೇಶಿಸಿತು. ಕುಂಡ, ಕೋಕೋಪೀಟ್, ಸ್ಟ್ಯಾಂಡು ಎಲ್ಲ ಸೇರಿಸಿದ ದುಬಾರಿ ಕಿಟ್ಟುಗಳನ್ನು ಕಂಡಾಗಲೆಲ್ಲ ನನಗೆ ಆ ಬೇಸಿಗೆ ನೆನಪಾಗುತ್ತದೆ. ಮೊದಲು ನೀರನ್ನು ಗೊತ್ತುಮಾಡಿಕೊಂಡು ಆಮೇಲೆ ಗಿಡ ಆರಿಸುವುದೇ ಸರಿ ಎಂದು ನನ್ನ ಗಟ್ಟಿ ನಂಬಿಕೆ.

ಫ್ಲಾಟಿನಲ್ಲಿ ಬಚ್ಚಲ ತೂಬು ನಮ್ಮ ಕೈಗೆ ಸಿಗದು, ನಿಜ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಸಿಗುತ್ತದೆ. ನಾಲ್ಕು ಜನರ ಅಡುಗೆಮನೆಯಿಂದ ದಿನಾ ಒಂದು ಬಕೆಟ್ಟು ಹೊರಡುವುದು ಕಷ್ಟವೇನಲ್ಲ. ಅದನ್ನು ಅಂದೇ ಹಾಕಬೇಕು, ಇಟ್ಟರೆ ನಾರುತ್ತದೆ. ನೀರು ಶುದ್ಧೀಕರಿಸುವ ಆರ್‌ಒ ಯಂತ್ರ ಹೊರಬಿಡುವ ನೀರಿನಲ್ಲಿ ಲವಣಗಳು ಒಟ್ಟುಗೂಡಿರುತ್ತವೆ. ಮನೆಗೆ ಬೋರ್‌ವೆಲ್ಲಿನ ಗಡಸು ನೀರು ಬರುತ್ತಿದ್ದರಂತೂ ಅದನ್ನು ಕುಂಡಕ್ಕೆ ಸುರಿಯಬೇಡಿ, ನೆಲ ಒರೆಸಲು ಬಳಸಿ. ದೊಡ್ಡಪತ್ರೆಗೆ ಮಣ್ಣು ಒಣಗಿದ ಮೇಲೆ ನೀರು ಕೊಟ್ಟರೆ ಸಾಕು; ಅತಿಯಾದರೆ ಬೇರು ಕೊಳೆಯುತ್ತದೆ.

ಬಸಳೆಗೆ ಮಾತ್ರ ನೀರೂ ಬೇಕು, ಬಿಸಿಲೂ ಬೇಕು. ಚಳಿಯಲ್ಲಿ ಅದು ಮಂಕಾಗುತ್ತದೆ. ಮಳೆಗಾಲಕ್ಕೆ ಮುಂಚೆ ಅಂಗಡಿಯಿಂದ ದಂಟಿನ ಸಮೇತ ಒಂದು ಕಟ್ಟು ತನ್ನಿ. ಎಲೆಯನ್ನೂ ಎಳೆಯ ದಂಟನ್ನೂ ಹುಳಿಗೆ ಹೆಚ್ಚಿಕೊಂಡು, ಬಲಿತ ದಂಟನ್ನು ಮೂರು ಗೆಣ್ಣಿಗೊಂದರಂತೆ ತುಂಡರಿಸಿ. ಎರಡು ಗೆಣ್ಣು ಮಣ್ಣೊಳಗೆ, ಒಂದು ಮೇಲಿರುವಂತೆ ಅಗಲ ಬಾಯಿಯ ಹಳೆ ಬಕೆಟ್ಟಿನಲ್ಲಿ ಊರಿ. ತಳಕ್ಕೆ ತೂತು ಮಾಡಿರಬೇಕು. ಚಿಗುರು ಕುಡಿ ಬಿಟ್ಟಾಗ ಬಾಲ್ಕನಿಯ ಸರಳಿಗೆ ಹಬ್ಬಿಸಿ, ತುದಿ ಚಿವುಟುತ್ತಿದ್ದರೆ ಬದಿಯಲ್ಲಿ ಕವಲೊಡೆಯುತ್ತದೆ.