ಉಳಿದ ಚೂರುಗಳನ್ನು ಕೂಡಿಸೋಣ



ಅಕ್ಟೋಬರ್ 4 ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. 1979ರಲ್ಲಿ ಪೋಪ್ ದ್ವಿತೀಯ ಜಾನ್ ಪಾಲ್‌ರವರು ಇವರನ್ನು ಪರಿಸರದ ಪಾಲಕ ಸಂತರೆಂದು ಘೋಷಿಸಿದರು. ಬಲಿಪೂಜೆಯಲ್ಲಿ ನಾವು ಸೃಷ್ಟಿಗಾಗಿ ದೇವರನ್ನು ಸ್ತುತಿಸುತ್ತೇವೆ. ಆದರೆ ಹಬ್ಬದೂಟ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಉಳಿಯುವುದೇನು? ನೀರಿನ ಬಾಟಲಿ, ಹಾಲಿನ ಪಾಕೀಟು, ಚಿಪ್ಸ್ ಪಾಕೀಟು. ಎಲ್ಲವನ್ನೂ ಗುಡಿಸಿ ಬೆಂಕಿ ಹಚ್ಚಿದವರಲ್ಲಿ ನಾವೂ ಇದ್ದೇವೆ.

ಐದು ರೊಟ್ಟಿ, ಎರಡು ಮೀನುಗಳಿಂದ ಜನಸಮೂಹವನ್ನು ತಣಿಸಿದ ಯೇಸುಸ್ವಾಮಿ ಅಷ್ಟಕ್ಕೇ ನಿಲ್ಲಲಿಲ್ಲ. ಉಳಿದ ಚೂರುಗಳನ್ನೂ ಕೂಡಿಸಲು ಶಿಷ್ಯರಿಗೆ ಹೇಳಿದರು. ಹನ್ನೆರಡು ಬುಟ್ಟಿ ತುಂಬಿದವು. 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಪೋಪ್ ಫ್ರಾನ್ಸಿಸ್‌ರವರು ಕಸ ಬೇರ್ಪಡಿಸುವುದನ್ನೂ ಸೃಷ್ಟಿಪಾಲನೆಯ ದಿನನಿತ್ಯದ ಕಾರ್ಯಗಳಲ್ಲಿ ಎಣಿಸಿದ್ದಾರೆ.

ಬೇರ್ಪಡಿಸುವುದು ಹೇಗೆ? ಡಬ್ಬಿಯ ತಳ ನೋಡಿ. ತ್ರಿಕೋನದೊಳಗಿನ ಅಂಕಿ ಪ್ಲಾಸ್ಟಿಕ್ಕಿನ ಬಗೆಯನ್ನು ತಿಳಿಸುತ್ತದೆ. 1 ನೀರಿನ ಬಾಟಲಿ. ಇದರಿಂದ ಪಾಲಿಸ್ಟರ್ ನೂಲು ಮಾಡುತ್ತಾರೆ. 2 ಶಾಂಪೂ, ಫಿನಾಯಿಲ್ ಡಬ್ಬಿಗಳು. 3 ಪಿವಿಸಿ ಪೈಪು. 4 ಹಾಲಿನ ಪಾಕೀಟಿನಂಥ ತೆಳು ಹಾಳೆ. 5 ಊಟದ ಡಬ್ಬಿ, ಗೊಬ್ಬರದ ಚೀಲ. 6 ಥರ್ಮೋಕೋಲ್. 7 ಇತರೆ ಬಗೆಗಳು. ಒಳಗೆ ಬೆಳ್ಳಿಯಂತೆ ಹೊಳೆಯುವ, ಹಲವು ಪದರಗಳ ಚಿಪ್ಸ್ ಪಾಕೀಟನ್ನು ಮರುಬಳಕೆ ಮಾಡುವುದು ಬಲು ಕಷ್ಟ.

ಬೆರೆಸಿದರೇನು ಕೆಡುಕು? ಬಾಟಲಿ ಕರಗಿಸುವ ಕಾವಿಗೆ ಪಿವಿಸಿ ಆಮ್ಲ ಬಿಡುತ್ತದೆ. ಸ್ವಲ್ಪ ಸೇರಿದರೂ ಇಡೀ ಸರಕು ಕೆಡುತ್ತದೆ. ಅಂಕಿ ಅಳಿಸಿಹೋಗಿದ್ದರೆ ಒಂದು ಚೂರನ್ನು ನೀರಿಗೆ ಹಾಕಿ: 2, 4, 5 ತೇಲುತ್ತವೆ; 1 ಮತ್ತು 3 ಮುಳುಗುತ್ತವೆ. ಎಲ್ಲವನ್ನೂ ತೊಳೆದು ಒಣಗಿಸಿ. ಹಾಲಿನ ಪಾಕೀಟಿನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ. ಆ ಚಿಕ್ಕ ಚೂರು ಯಾರ ಕೈಗೂ ಸಿಗದೆ ಮಣ್ಣು ಸೇರುತ್ತದೆ. ಭಾಲ್ಕಿ, ಔರಾದ್ ಕಡೆಯ ರೈತ ಕುಟುಂಬಗಳು ತೊಗರಿಗೆ ಸಿಂಪಡಿಸಿದ ಔಷಧಿಯ ಡಬ್ಬಿಗಳನ್ನು ಇವುಗಳೊಂದಿಗೆ ಸೇರಿಸಬಾರದು.

ಅನ್ನ ಕಟ್ಟಿ ಎಸೆದ ಚೀಲವನ್ನು ದನ ನುಂಗುತ್ತದೆ. ಅದು ಹೊಟ್ಟೆಯಲ್ಲಿ ಕರಗದೆ ಉಳಿಯುತ್ತದೆ. ಸುಟ್ಟರೆ ವಿಷದ ಹೊಗೆ ನಮ್ಮ ಮಕ್ಕಳ ಎದೆಗೇ ಸೇರುತ್ತದೆ. ಬೀದರ್ ನಗರದಲ್ಲಾಗಲಿ ಹಳ್ಳಿಯಲ್ಲಾಗಲಿ, ನಾವು ಬೆರೆಸಿ ಎಸೆದದ್ದನ್ನು ಇನ್ನೊಬ್ಬ ಬಡವರು ಬರಿಗೈಯಿಂದ ಕೆದಕಿ ಆರಿಸಬೇಕಾಗುತ್ತದೆ. ಅವರೂ ನಮ್ಮ ನೆರೆಯವರಲ್ಲವೇ?

ಆದ್ದರಿಂದ ಈ ಹಬ್ಬಕ್ಕೆ ದೇವಾಲಯದ ಅಂಗಳದಲ್ಲಿ ನಾಲ್ಕು ಚೀಲ ಕಟ್ಟೋಣ: ಬಾಟಲಿಗೊಂದು, ಗಟ್ಟಿ ಡಬ್ಬಿಗೊಂದು, ಹಾಲಿನ ಪಾಕೀಟಿಗೊಂದು, ಮಿಕ್ಕದ್ದಕ್ಕೊಂದು. ಮರುದಿನದಿಂದ ಇದೇ ರೂಢಿ ಮನೆಯಲ್ಲೂ ನಡೆಯಲಿ. ಚೂರುಗಳನ್ನೂ ಮರೆಯದ ಪ್ರಭು ನಮ್ಮ ಕುಟುಂಬಗಳನ್ನು ಹರಸಲಿ.