ಕೊರೆದ ನಳಿಗೆ, ಮುಚ್ಚಿದ ತೂತು

ಹಳೆಯ ಕೋವಿಗಳನ್ನು ಕೂಡಿಡುವ ಹವ್ಯಾಸಕ್ಕೆ ಬಿದ್ದವರು ಮೊದಲು ಆಸೆಪಡುವುದು ಎರಡು ಬಗೆಯ ಕೋವಿಗಳಿಗೆ. ಕಾರ್ಖಾನೆಯ ಹೊಳಪು ಮಾಸದೆ, ಒಂದು ತಿರುಪೂ ಬದಲಾಗದೆ ಉಳಿದದ್ದು ಒಂದು. ರಾಜನೋ ಸೇನಾಪತಿಯೋ ಹಿಡಿದಿದ್ದು ಎಂಬ ಖ್ಯಾತಿಯದು ಇನ್ನೊಂದು. ಹರಾಜಿನಲ್ಲಿ ಬೆಲೆ ಏರುವುದೂ ಇವೆರಡಕ್ಕೇ. ಹಳೆಯ ಯಂತ್ರ ಕಿತ್ತು ಹೊಸದು ಕೂರಿಸಿದ, ನಳಿಗೆ ಕತ್ತರಿಸಿದ, ಯಾವುದೋ ಕಾಲದಲ್ಲಿ ತೂತು ಮುಚ್ಚಿದ ಕೋವಿ ಎದುರಾದರೆ ‘ಕೆಡಿಸಿದ್ದಾರೆ’ ಎಂದು ಪಕ್ಕಕ್ಕಿಡುತ್ತಾರೆ. ಚರಿತ್ರೆಯ ಮೇಲಿನ ಪ್ರೀತಿಯಿಂದ ಕೂಡಿಸುವವರು ಮೊದಲು ಕೈಹಾಕಬೇಕಾದ್ದು ಹೀಗೆ ಪಕ್ಕಕ್ಕಿಟ್ಟ ಕೋವಿಗೇ ಎಂಬುದು ನನ್ನ ವಾದ. ನಮ್ಮ ದೇಶದಲ್ಲಂತೂ ಆಯ್ಕೆಯ ಪ್ರಶ್ನೆ ಇನ್ನಷ್ಟು ಬಿಗಿಯಾಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ, ಸಾಮಾನ್ಯ ಪರವಾನಗಿದಾರರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಅಜ್ಜನ ಕಾಲದಿಂದ ಬಂದ ಕೋವಿಗೂ ಇದೇ ಮಿತಿ. ಎರಡೇ ಎಂದಾದ ಮೇಲೆ ಯಾವ ಎರಡು ಎಂಬುದನ್ನು ಬೆಲೆಪಟ್ಟಿ ನೋಡಿ ತೀರ್ಮಾನಿಸಲಾಗದು.

1853ರ ಮಾದರಿಯ ಎನ್‌ಫೀಲ್ಡ್ ಬಂದೂಕನ್ನೇ ತೆಗೆದುಕೊಳ್ಳಿ. ಬಾಯಿಂದ ಮದ್ದು ತುಂಬಿ, ಕೇಪು ಇಟ್ಟು ಹೊಡೆಯುವ ಬಂದೂಕು. 39 ಅಂಗುಲ ಉದ್ದದ ನಳಿಗೆ, .577 ಅಂಗುಲದ ಬಾಯಿ, ಗುಂಡನ್ನು ತಿರುಗಿಸುತ್ತಾ ಕಳಿಸಲು ಒಳಗೋಡೆಯಲ್ಲಿ ಮೂರು ಸುರುಳಿ ಗೀರುಗಳು. ಕೊಬ್ಬು ಸವರಿದ ಅದರ ಕಾಗದದ ತೋಟಾದ ಸುತ್ತ ಹಬ್ಬಿದ ಸುದ್ದಿ 1857ರ ದಂಗೆಗೆ ಕಿಡಿಯಾದದ್ದನ್ನು ಶಾಲೆಯಲ್ಲೇ ಓದಿರುತ್ತೇವೆ. ಮುಂದಿನ ಕತೆ ಪಾಠಗಳಲ್ಲಿ ಬರುವುದಿಲ್ಲ. ದಂಗೆ ಅಡಗಿದ ಮೇಲೆ ದೂರಕ್ಕೆ ಗುರಿಯಿಡುವ ಬಂದೂಕನ್ನು ಭಾರತೀಯ ಸಿಪಾಯಿಗಳ ಕೈಗೆ ಕೊಡಲು ಆಳುವವರು ಹಿಂಜರಿದರು. ಅನೇಕ ಎನ್‌ಫೀಲ್ಡ್‌ಗಳ ನಳಿಗೆಯನ್ನು ಸುಮಾರು .65 ಅಂಗುಲಕ್ಕೆ ಕೊರೆದು ಸುರುಳಿ ಗೀರುಗಳನ್ನೇ ಅಳಿಸಿಹಾಕಿದರು. ನೂರಾರು ಗಜಗಳ ಅಂಕೆಗಳಿದ್ದ, ಏರಿಸಿ ಇಳಿಸುವ ಗುರಿಪಟ್ಟಿಯನ್ನು ಕಿತ್ತು ಅಲ್ಲಾಡದ ಒಂದು ಸಣ್ಣ ತುಂಡನ್ನು ಕೂರಿಸಿದರು. ಗೋಡೆಗೆ ಒರಗಿಸಿಟ್ಟರೆ ಎರಡೂ ಒಂದೇ ಬಂದೂಕು. ನಳಿಗೆಯ ಬಾಯಿ ನೋಡಿದಾಗ ಗೊತ್ತಾಗುತ್ತದೆ: ಲೋಹದ ಅಂಚು ತೆಳ್ಳಗಾಗಿದೆ, ಒಳಗೋಡೆ ನುಣ್ಣಗಿದೆ. ಈ ತೆಳು ನಳಿಗೆಗಳು ಬಾಳಿಕೆ ಬರಲಿಲ್ಲವಾದ್ದರಿಂದ 1859ರಲ್ಲಿ ದಪ್ಪ ನಳಿಗೆಯ ಹೊಸ ಮಾದರಿಯನ್ನೇ ತರಬೇಕಾಯಿತು. ಒಂದು ಸಾಮ್ರಾಜ್ಯ ತನ್ನದೇ ಸೈನಿಕರ ಮೇಲೆ ಇಟ್ಟ ಅನುಮಾನವನ್ನು ಅಂಗುಲದ ಲೆಕ್ಕದಲ್ಲಿ ಅಳೆಯಬಹುದಾದ ವಸ್ತು ಇದು. ಅದೇ ವರ್ಷಗಳ, ಕೈತಾಗದ, ಫಳಫಳ ಹೊಳೆಯುವ ಎನ್‌ಫೀಲ್ಡ್ ಈ ವಿಷಯದಲ್ಲಿ ಏನನ್ನೂ ಹೇಳಲಾರದು.

ಎನ್‌ಫೀಲ್ಡಿನ ಮಾರ್ಪಾಡು ಅಲ್ಲಿಗೇ ಮುಗಿಯಲಿಲ್ಲ. 1866ರಲ್ಲಿ ಬ್ರಿಟನ್ ಅಮೆರಿಕದ ಜೇಕಬ್ ಸ್ನೈಡರನ ಉಪಾಯವನ್ನು ಒಪ್ಪಿತು. ನಳಿಗೆಯ ಹಿಂಭಾಗದ ಎರಡೂವರೆ ಅಂಗುಲದಷ್ಟನ್ನು ಕತ್ತರಿಸಿ ತೆಗೆದು, ಬಲಕ್ಕೆ ಮಗುಚುವ ಕೀಲುಬಾಗಿಲೊಂದನ್ನು ಅಲ್ಲಿ ಜೋಡಿಸಿದರೆ ಸಾಕು, ಬಾಯಿಂದ ತುಂಬುತ್ತಿದ್ದ ಬಂದೂಕು ಹಿಂದಿನಿಂದ ತೋಟಾ ತುಂಬುವಂಥದ್ದಾಗುತ್ತದೆ. ನಿಮಿಷಕ್ಕೆ ಮೂರು ಈಡು ಹಾರಿಸುತ್ತಿದ್ದ ಸೈನಿಕ ಹತ್ತರ ಹತ್ತಿರ ಬಂದ. ಖಜಾನೆಗೆ ಹೊಸ ಬಂದೂಕುಗಳ ಖರ್ಚೂ ಉಳಿಯಿತು. ಭಾರತೀಯ ಪಡೆಗಳಿಗೆ ಸ್ನೈಡರ್ ಸಿಕ್ಕಿದ್ದು ಬ್ರಿಟಿಷ್ ಪಡೆಗಳು ಮಾರ್ಟಿನಿ-ಹೆನ್ರಿ ಬಂದೂಕಿಗೆ ದಾಟಿದ ಮೇಲೆ; ಮಾರ್ಟಿನಿ ಸಿಕ್ಕಿದ್ದು ಅವರು ಮ್ಯಾಗಜೀನ್ ಇರುವ ಲೀ-ಮೆಟ್‌ಫರ್ಡ್‌ಗೆ ಹೋದ ಮೇಲೆ. ಸದಾ ಒಂದು ಮೆಟ್ಟಿಲು ಕೆಳಗೆ. ಇಪ್ಪತ್ತನೆಯ ಶತಮಾನದಲ್ಲೂ ಈ ಯೋಚನೆ ಉಳಿದಿತ್ತು ಎಂಬುದಕ್ಕೆ ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ ಮಾರ್ಪಾಡಾದ .410 ಮಸ್ಕೆಟ್ಟೇ ಸಾಕ್ಷಿ. .303 ಲೀ-ಎನ್‌ಫೀಲ್ಡ್ ರೈಫಲನ್ನು ಗೀರುಗಳಿಲ್ಲದ ನಳಿಗೆಗೆ ಬದಲಿಸಿ, ಮ್ಯಾಗಜೀನ್ ಇದ್ದ ಜಾಗಕ್ಕೆ ಮರದ ತುಂಡು ತುಂಬಿ, ಒಂದು ಸಲಕ್ಕೆ ಒಂದೇ ಗುಂಡು ಹಾರಿಸುವ ಬಂದೂಕನ್ನಾಗಿಸಿ ಪೊಲೀಸರಿಗೂ ಜೈಲು ಕಾವಲಿನವರಿಗೂ ಕೊಟ್ಟರು. ನಳಿಗೆ ಕೊರೆದು ದೂರ ಹೊಡೆಯುವ ಶಕ್ತಿಯನ್ನು ಕಸಿದುಕೊಂಡ 1858ರ ಉಪಾಯವೇ ಇಲ್ಲಿ ಮತ್ತೆ ಕಾಣುತ್ತದೆ. ಎರಡೇ ಕೋವಿಗೆ ಅವಕಾಶವಿರುವ ಭಾರತದ ಸಂಗ್ರಾಹಕರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ: ಕೊರೆದ ಎನ್‌ಫೀಲ್ಡ್ ಒಂದು, ಮರದ ತುಂಡಿನ ಮಸ್ಕೆಟ್ ಒಂದು.

ಇದಕ್ಕೆ ಏಳುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಮಾರ್ಪಾಡನ್ನು ಹೀಗೆ ಹೊಗಳಿದರೆ ಕೈಗೆ ಸಿಕ್ಕವರೆಲ್ಲ ಉಜ್ಜಿ, ಕೆತ್ತಿ, ಬಣ್ಣ ಹಚ್ಚಿದ್ದಕ್ಕೂ ಚರಿತ್ರೆಯ ಪಟ್ಟ ಸಿಗುವುದಿಲ್ಲವೇ? ಸಿಗಬಾರದು. ಗೆರೆ ಎಳೆಯಬೇಕಾದ ಜಾಗವೂ ಸ್ಪಷ್ಟವಾಗಿಯೇ ಇದೆ. ಕೋವಿ ಕೆಲಸದಲ್ಲಿದ್ದಾಗ, ಕೆಲಸಕ್ಕಾಗಿ ಆದ ಬದಲಾವಣೆ ಸಾಕ್ಷ್ಯ. ಕೆಲಸ ಮುಗಿದ ಮೇಲೆ ಬೆಲೆ ಏರಿಸಲು ಮಾಡಿದ್ದು ಸಾಕ್ಷ್ಯನಾಶ. ಅಮೆರಿಕದ ಮಾರುಕಟ್ಟೆಯಲ್ಲಿ ಇದಕ್ಕೆ ಕಣ್ಣಿಗೆ ಕಟ್ಟುವ ಉದಾಹರಣೆಯಿದೆ. ಅಲ್ಲಿ 1840 ಮತ್ತು 50ರ ದಶಕಗಳಲ್ಲಿ ಸರ್ಕಾರಿ ಉಗ್ರಾಣಗಳಲ್ಲಿದ್ದ ಚಕಮಕಿ ಕೋವಿಗಳನ್ನು ದೊಡ್ಡ ಪ್ರಮಾಣದಲ್ಲಿ ಕೇಪಿನ ಕೋವಿಗಳಾಗಿ ಬದಲಿಸಿದ್ದರು. ಚಕಮಕಿಯ ಸ್ಥಿತಿಯಲ್ಲೇ ಉಳಿದ ಕೋವಿಗೆ ಹೆಚ್ಚು ಹಣ ಸಿಗುವುದರಿಂದ ನಂತರದ ವ್ಯಾಪಾರಿಗಳು ಹಲವನ್ನು ಹಿಂದಕ್ಕೆ ತಿರುಗಿಸಿದರು: ಕೇಪು ಕೂರುವ ಮೊಳೆ ತೆಗೆದು, ಹೊಸದಾಗಿ ಮಾಡಿದ ಕಿವಿಬಟ್ಟಲು ಮತ್ತು ಕುದುರೆ ಜೋಡಿಸಿ, 1810ರ ಕೋವಿಯನ್ನು ಮತ್ತೆ 1810ಕ್ಕೆ ಒಯ್ದಂತೆ ತೋರಿಸಿದರು. ಯಂತ್ರದ ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮುಚ್ಚಿದ ತೂತುಗಳ ಉಂಗುರದಂಥ ಗೆರೆ ಕಾಣಬಹುದು. ಸುತ್ತಲಿನ ಲೋಹಕ್ಕೆ ಹಿಡಿದ ತುಕ್ಕಿನ ಕಲೆ ಹೊಸ ತುಂಡಿಗೆ ಹಿಡಿದಿರುವುದಿಲ್ಲ. ಕೋವಿ ಕಂಡ ಅರ್ಧ ಶತಮಾನದ ಜೀವನ ಅಷ್ಟರಲ್ಲೇ ಅಳಿದುಹೋಯಿತು. ‘ಮೂಲ ಸ್ಥಿತಿ’ಯ ಮೋಹ ಎಂಥ ನಷ್ಟ ತರುತ್ತದೆಂದು ತೋರಿಸಲು ಇದೊಂದೇ ಸಾಕು.

ಹಾಗಾದರೆ ಬದಲಾಗದ ಮಾದರಿ ಬೇಡವೇ, ಹೋಲಿಸಿ ನೋಡಲು ಅಳತೆಗೋಲು ಎಲ್ಲಿಂದ ಬರಬೇಕು ಎಂದು ಕೇಳಬಹುದು. ಖಂಡಿತ ಬೇಕು. ಆ ಕೆಲಸಕ್ಕೆಂದೇ ಒಂದು ಸಂಸ್ಥೆ ಹುಟ್ಟಿತ್ತು. ಬ್ರಿಟಿಷ್ ಸೇನೆ ಒಪ್ಪಿದ ಪ್ರತಿ ಬಂದೂಕಿನ ಒಂದು ಆದರ್ಶ ಪ್ರತಿಗೆ ಮೊಹರು ಹಾಕಿ, ತಯಾರಕರು ಅದನ್ನೇ ಅನುಸರಿಸಲೆಂದು ಎನ್‌ಫೀಲ್ಡ್ ಕಾರ್ಖಾನೆಯ ‘ಪ್ಯಾಟರ್ನ್ ರೂಮ್’ನಲ್ಲಿ ಇಡುತ್ತಿದ್ದರು. ಆ ಸಂಗ್ರಹ ಮುಂದೆ ನಾಟಿಂಗ್‌ಹ್ಯಾಮ್‌ಗೆ ಹೋಗಿ, 2005ರ ಹೊತ್ತಿಗೆ ಲೀಡ್ಸ್‌ನ ರಾಯಲ್ ಆರ್ಮರೀಸ್ ಸೇರಿತು. ಯಾವ ಸೈನಿಕನ ಕೈಗೂ ಹೋಗದ ಬಂದೂಕುಗಳು ಅಲ್ಲಿ ಭದ್ರವಾಗಿವೆ. ಅವುಗಳ ಮಬ್ಬು ಪ್ರತಿಯೊಂದನ್ನು ಮನೆಯಲ್ಲಿ ಸಾಕುವುದಕ್ಕಿಂತ, ಅಲ್ಲಿ ಇಲ್ಲದ್ದನ್ನು ಉಳಿಸುವುದೇ ಖಾಸಗಿ ಸಂಗ್ರಾಹಕರಿಗೆ ತಕ್ಕ ಕೆಲಸ. ನೇಪಾಳದ ಜನರಲ್ ಗಹೇಂದ್ರ ಶಂಶೇರ್ ಮಾರ್ಟಿನಿಯನ್ನು ನೋಡಿ ತಮ್ಮದೇ ರೀತಿಯಲ್ಲಿ ಮಾಡಿಸಿದ ಬಂದೂಕುಗಳು ಅಂಥವು. ಕೈಯಿಂದಲೇ ಅರದಿಂದ ಉಜ್ಜಿ ಕೂರಿಸಿದ ಅವುಗಳಲ್ಲಿ ಒಂದರ ಬಿಡಿಭಾಗ ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ, ಮುದ್ರೆಗಳು ದೇವನಾಗರಿಯಲ್ಲಿವೆ. ಕಠ್ಮಂಡುವಿನ ಹಳೆಯ ಉಗ್ರಾಣದಲ್ಲಿದ್ದ ಇವನ್ನು 2003ರಲ್ಲಿ ಸಾವಿರಾರು ಇತರ ಬಂದೂಕುಗಳ ಜೊತೆ ಅಮೆರಿಕದ ವ್ಯಾಪಾರಿಗಳು ಸಗಟಾಗಿ ಕೊಂಡರು.

ಹೆಸರಾಂತರ ಕೋವಿಯ ವಿಷಯಕ್ಕೆ ಬಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಶ್ರೀರಂಗಪಟ್ಟಣ. ಬಹುತೇಕ ಭಾರತೀಯ ಆಸ್ಥಾನಗಳು ಬತ್ತಿ ಕೋವಿಯಲ್ಲೇ ಇದ್ದಾಗ ಟಿಪ್ಪುವಿನ ಕಾರ್ಖಾನೆಗಳು ಚಕಮಕಿ ಕೋವಿ ತಯಾರಿಸುತ್ತಿದ್ದವು. ಹುಲಿಪಟ್ಟೆಯ ಬೆಳ್ಳಿ ಕೆತ್ತನೆ, ಹುಲಿಯ ಮುಖ, ಟಿಪ್ಪು ಜಾರಿಗೆ ತಂದ ಪಂಚಾಂಗದ ವರ್ಷ, ಎಲ್ಲವೂ ಅವುಗಳ ಮೇಲಿವೆ. ಇವು ಬೇಡ ಎಂದು ಯಾರೂ ಹೇಳಲಾರರು. ಆದರೆ ‘ಸುಲ್ತಾನನೇ ಹಿಡಿದಿದ್ದ’ ಎಂಬ ಮಾತು ಇರುವುದು ಕಾಗದದಲ್ಲಿ, ಲೋಹದಲ್ಲಿ ಅಲ್ಲ. ಕಾಗದ ಸುಳ್ಳಾಡುವುದು ಸುಲಭ. 2019ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಬರ್ಕ್‌ಷೈರ್‌ನಲ್ಲಿ ಹರಾಜಾಗಿ 60,000 ಪೌಂಡ್ ತಂದ ಶ್ರೀರಂಗಪಟ್ಟಣದ ಕೋವಿಯೊಂದರ ಬಗ್ಗೆ ಹರಾಜುದಾರರು ಎತ್ತಿ ಹೇಳಿದ್ದು ಇನ್ನೊಂದು ಸಂಗತಿ: ಅದರ ಮರಕ್ಕೆ ಗುಂಡು ತಗುಲಿದಂತಿದೆ, ಆ ಗಾಯವನ್ನು ಯಾರೂ ರಿಪೇರಿ ಮಾಡಿಲ್ಲ. ಎರಡು ಶತಮಾನ ಆ ಮರದ ಸೀಳನ್ನು ಮುಚ್ಚದೆ ಬಿಟ್ಟವರಿಗೆ ನಾವು ಕೃತಜ್ಞರಾಗಿರಬೇಕು. ಟಿಪ್ಪುವಿನ ಹೆಸರನ್ನು ಬದಿಗಿಟ್ಟರೂ ಆ ಕೋವಿ ಸಂಗ್ರಹಕ್ಕೆ ಸಲ್ಲುತ್ತದೆ.

ಕೊಲ್ಲುವ ಸಾಧನವನ್ನು ಯಾಕೆ ಕೂಡಿಡಬೇಕು ಎಂಬುದು ಇನ್ನೂ ಆಳದ ಆಕ್ಷೇಪ. ಕೋವಿಯನ್ನು ಕಲಾಕೃತಿಯಂತೆ ನೋಡಿದರೆ ಈ ಪ್ರಶ್ನೆಗೆ ಉತ್ತರವಿಲ್ಲ ಎಂದೇ ನನ್ನ ಭಾವನೆ. ಬೆಳ್ಳಿಯ ಕೆತ್ತನೆ ಅದರ ಕೆಲಸವನ್ನು ಮರೆಮಾಡುತ್ತದೆ. ಕೊರೆದ ನಳಿಗೆ ಮರೆಮಾಡುವುದಿಲ್ಲ. ಯಾರ ಕೈಗೆ ಎಷ್ಟು ಶಕ್ತಿ ಕೊಡಬೇಕೆಂದು ಯಾರು ತೀರ್ಮಾನಿಸಿದರು ಎಂಬುದನ್ನು ಅದು ನೇರವಾಗಿ ಮುಂದಿಡುತ್ತದೆ. ಇದರ ಮತ್ತೊಂದು ಮಗ್ಗುಲು ಕೊಡಗಿನಲ್ಲಿದೆ. 1861ರಿಂದ ಕೊಡವರಿಗೆ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಸಿಪಾಯಿಗಳ ನಳಿಗೆ ಕೊರೆದ ಕೆಲವೇ ವರ್ಷಗಳಲ್ಲಿ ಅದೇ ಆಡಳಿತ ಒಂದು ಸಮುದಾಯಕ್ಕೆ ಕೋವಿಯನ್ನು ಮನೆಯಲ್ಲೇ ಬಿಟ್ಟಿತು. ಕೈಲ್ ಪೊಳ್ದ್ ಹಬ್ಬದ ದಿನ ಹೂವಿಟ್ಟು ಪೂಜಿಸುವ ಆ ಕೋವಿಗಳು ಮಾರುಕಟ್ಟೆಗೆ ಬರದೆ ಕುಟುಂಬದ ಐನ್‌ಮನೆಗಳಲ್ಲೇ ಇರಲಿ. ತಲೆಮಾರುಗಳಿಂದ ಒಂದೇ ಮನೆಯಲ್ಲಿ ಉಳಿದ ಕೋವಿಗೆ ಸಂಗ್ರಾಹಕರ ಕಪಾಟಿಗಿಂತ ಆ ಮನೆಯೇ ಮೇಲು.

ಸದ್ಯ ತುರ್ತಾಗಿ ಗಮನ ಬೇಕಿರುವುದು ಸರ್ಕಾರಿ ಉಗ್ರಾಣಗಳಿಗೆ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ಪಥಸಂಚಲನದಲ್ಲಿ .303 ರೈಫಲನ್ನು ಕೊನೆಯ ಸಲ ಹಿಡಿದು ಬೀಳ್ಕೊಟ್ಟರು. ಹೀಗೆ ನಿವೃತ್ತಿಯಾದ ಬಂದೂಕುಗಳು, .410 ಮಸ್ಕೆಟ್ಟೂ ಸೇರಿದಂತೆ, ಗುಜರಿಯ ಲೆಕ್ಕಕ್ಕೆ ಸೇರುವ ಮೊದಲು ಮಾರ್ಪಾಡಿನ ಒಂದೊಂದು ಹಂತಕ್ಕೆ ಒಂದೊಂದರಂತೆ ಆರಿಸಿ ತೆಗೆದಿಡಬೇಕು. ರಿಪೇರಿ ಮಾಡಿದರೂ ಹಾರದ, ಹಳೆಯ ಮಾದರಿಯ ಅಥವಾ ಪ್ರಾಚ್ಯ ಮೌಲ್ಯದ ಕೋವಿಗೆ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ವಿನಾಯಿತಿ ಕೊಡುತ್ತದೆ. ಶಾಲೆ, ಕಾಲೇಜು, ಊರ ವಸ್ತುಸಂಗ್ರಹಾಲಯಗಳಿಗೆ ಅದೇ ದಾರಿ. ಹಾಗೆ ನಿಷ್ಕ್ರಿಯಗೊಳಿಸುವಾಗ ಬೆಸುಗೆ ನಳಿಗೆಯ ಒಳಗೆ ಬೀಳಲಿ. ಮರದ ಬುಡ ಸೇರುವಲ್ಲಿ ಲೋಹದ ಮೇಲಿರುವ ಕಾರ್ಖಾನೆಯ ಹೆಸರು, ವರ್ಷ, ಮಾದರಿಯ ಮುದ್ರೆಗಳನ್ನು ಉಜ್ಜುವ ಚಕ್ರ ಮುಟ್ಟಬಾರದು. ಮ್ಯಾಗಜೀನ್ ಜಾಗದ ಮರದ ತುಂಡನ್ನೂ ಕೀಳಬಾರದು.